ಗಾಡಿಹಾದಿಯ ಗರಿಕೆ

ಆ ಊರಿನ ಜನ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದುದು ಕಡಿಮೆ, ಒಬ್ಬರ ಹಾದಿಯನ್ನೊಬ್ಬರು ನೋಡುತ್ತಿದ್ದುದೇ ಹೆಚ್ಚು. ಪ್ರತಿ ಮನೆಗೂ ಬೀದಿಯಿಂದ ಹೊಸಿಲಿನವರೆಗೆ ಕಲ್ಲು ಹಾಸಿದ ಒಂದು ಗಾಡಿಹಾದಿ. ಗಾಡಿ ಇದ್ದವರಿಗೂ ಇತ್ತು, ಇಲ್ಲದವರಿಗೂ ಇತ್ತು. ಯಾಕೆಂದರೆ ಅದು ಗಾಡಿ ಬರಲೆಂದು ಹಾಸಿದ್ದಲ್ಲ, ನಾಲ್ಕು ಜನ ನೋಡಲೆಂದು ಹಾಸಿದ್ದು. ಹಾದಿ ಬೋಳಾಗಿದ್ದರೆ ಮನೆಯೊಳಗೆ ಎಲ್ಲ ಸರಿಯಾಗಿದೆ ಎಂದು ಅರ್ಥ. ಕಲ್ಲಿನ ಸಂದಿಯಲ್ಲಿ ಒಂದೇ ಒಂದು ಎಳೆ ಹಸಿರು ಕಂಡರೂ ಆ ಮನೆಯಲ್ಲಿ ಯಾರೋ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದು ಅರ್ಥ. ಬಾಯಿ ಮುಚ್ಚಿದರೆ ಕಲ್ಲು ಬಾಯಿ ಬಿಡುತ್ತದೆ ಎಂಬುದು ಅಲ್ಲಿನ ಗಾದೆ. ಅದನ್ನು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ, ಅವರ ಮನೆಯ ಹಾದಿ ಹೇಗಿತ್ತೋ ಅದೂ ಗೊತ್ತಿಲ್ಲ.

ಕಳೆ ಕಂಡರೆ ಕೈಯಿಂದ ಕೀಳುವಂತಿರಲಿಲ್ಲ. ಕಿತ್ತರೆ ಗುಟ್ಟನ್ನು ಬೇರುಸಮೇತ ಒಳಕ್ಕೆ ಎಳೆದುಕೊಂಡ ಹಾಗೆ. ಅಂಗಡಿಯಿಂದ ವಿಷ ತಂದು ಸುರಿಯುವಂತಿರಲಿಲ್ಲ. ಸುರಿದರೆ ಪಾಪವನ್ನು ಕೂಲಿಗೆ ಕೊಟ್ಟ ಹಾಗೆ. ಮನೆಯ ಕಳೆಗೆ ಮನೆಯದೇ ಮದ್ದು. ಅದೂ ಆ ಮನೆಯವರೇ ಕಾಯಿಸಿದ್ದು, ಕಲಸಿದ್ದು, ಹೊತ್ತು ತಂದು ಸುರಿದದ್ದು. ಹಾಗಾಗಿ ಅಲ್ಲಿನ ಅಡುಗೆಮನೆಗಳಲ್ಲಿ ಒಲೆ ಒಂದು ಹೊತ್ತು ಹೊಟ್ಟೆಗೆ ಉರಿದರೆ ಇನ್ನೊಂದು ಹೊತ್ತು ಹಾದಿಗೆ. ಮೊದಲ ಮದ್ದು ಅನ್ನ ಬಸಿದ ಕುದಿಗಂಜಿ. ಅದಕ್ಕೆ ಬಗ್ಗದಿದ್ದರೆ ಹುಳಿ ಬರಿಸಿದ ಕಬ್ಬಿನ ಹಾಲು, ಎಲೆಗೆ ಅಂಟಲೆಂದು ಅದರಲ್ಲಿ ಅಂಟುವಾಳದ ನೊರೆ. ಅದಕ್ಕೂ ಬಗ್ಗದಿದ್ದರೆ ಕಲ್ಲುಪ್ಪು.

ಉಪ್ಪನ್ನು ಮಾತ್ರ ಬೇಕೆಂದಾಗ ಸುರಿಯುವಂತಿರಲಿಲ್ಲ. ಮೊದಲು ಮಾತು, ಆಮೇಲೆ ಉಪ್ಪು. ಮುಚ್ಚಿಟ್ಟವರು ಹಾದಿಯ ಬಾಯಲ್ಲಿ ಬೀದಿಗೆ ಮುಖ ಮಾಡಿ ನಿಂತು, ಮುಚ್ಚಿಟ್ಟಿದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹಾದಿಗಾರ ತಲೆಯಾಡಿಸಬೇಕು. ಆಗ ಹೇಳಿದವರೇ ಕೈಯಾರೆ ಸಂದಿಗೆ ಉಪ್ಪು ತುಂಬಬೇಕು. ಹೇಳಿದ್ದು ನಿಜವಾದರೆ ಕಳೆ ಸಾಯುತ್ತದೆ. ಸುಳ್ಳಾದರೆ ಅದೇ ಸಂದಿಯಲ್ಲಿ ಮತ್ತೆ ಚಿಗುರುತ್ತದೆ. ಉಪ್ಪು ಬಿದ್ದ ಸಂದಿಯಲ್ಲಿ ಮತ್ತೆ ಚಿಗುರಿದ್ದನ್ನು ಆ ಊರು ಯಾವತ್ತೂ ಕಂಡಿರಲಿಲ್ಲ. ಆದ್ದರಿಂದ ಅಲ್ಲಿ ಒಪ್ಪಿಕೊಂಡ ಮಾತೆಲ್ಲ ನಿಜವೇ ಆಗಿತ್ತು. ಎಂಥ ಸತ್ಯವಂತರ ಊರು ನೋಡಿ.

ಹಾದಿಗಾರ ಎಂದರೆ ಬೆಳಗಾದರೆ ಕೋಲು ಹಿಡಿದು ಹಾದಿಗಳನ್ನು ನೋಡಿಕೊಂಡು ಬರುವವನು. ಅವನ ಅಪ್ಪನೂ ಹಾದಿಗಾರನೇ. ಅವನದೇ ಮನೆಯ ಹಾದಿಯನ್ನು ಯಾರು ನೋಡುತ್ತಿದ್ದರು ಎಂದು ಕೇಳಬೇಡಿ, ಆ ಊರಿನಲ್ಲೂ ಯಾರೂ ಕೇಳಿರಲಿಲ್ಲ. ಕಳೆ ಕಂಡ ಮನೆಗೆ ಅವನು ಮುಂದಿನ ಅಮಾವಾಸ್ಯೆಯವರೆಗೆ ಗಡುವು ಕೊಡುತ್ತಿದ್ದ. ಅಷ್ಟರೊಳಗೆ ಮಾತು ಹೊರಬಿದ್ದು ಉಪ್ಪು ಬಿದ್ದರೆ ಸರಿ. ಇಲ್ಲದಿದ್ದರೆ ಕಲ್ಲುಕುಟಿಗರು ಬಂದು ಹಾದಿಯ ನಡುಮಧ್ಯೆ ಗೋಡೆ ಎತ್ತುತ್ತಿದ್ದರು. ಗೋಡೆ ಹೊಸಿಲು ದಾಟಿ, ನಡುಮನೆ ದಾಟಿ, ಹಿತ್ತಿಲವರೆಗೆ ಹೋಗುತ್ತಿತ್ತು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಮುಚ್ಚಿಟ್ಟವರು ಯಾರೆಂದು ಗೊತ್ತಾಗದಿದ್ದರೆ ಒಬ್ಬರಿಂದ ಇನ್ನೊಬ್ಬರನ್ನು ಕಾಪಾಡಬೇಕಲ್ಲ.

ಆ ಊರಿನ ಗಾಣದವನ ಮನೆಯ ಹಾದಿ ಬೋಳು ಹಾದಿಗಳಲ್ಲೆಲ್ಲ ಬೋಳು. ಅವನ ಗಾಡಿ ನಿತ್ಯ ಎಣ್ಣೆಯ ಡಬ್ಬಗಳನ್ನು ಹೊತ್ತು ಅದರ ಮೇಲೆ ಹೋಗುತ್ತಿತ್ತು, ಬರುತ್ತಿತ್ತು. ಎತ್ತಿನ ಗಂಟೆಯ ಸದ್ದಿನಲ್ಲೇ ಗಂಡನಿಗೆ ಹಸಿವಾಗಿದೆಯೋ ಸಿಟ್ಟು ಬಂದಿದೆಯೋ ಹೇಳಬಲ್ಲೆ ಎಂದು ಗಾಣದವಳು ಹೆಮ್ಮೆಪಡುತ್ತಿದ್ದಳು. ಅವನೂ ಅಷ್ಟೇ. ಊಟಕ್ಕೆ ಕೂತರೆ ಇವತ್ತು ಗಾಣದಲ್ಲಿ ಏನಾಯಿತು, ಸಂತೆಯಲ್ಲಿ ಯಾರು ಏನೆಂದರು, ಎಲ್ಲವನ್ನೂ ಒಪ್ಪಿಸಿಯೇ ಕೈ ತೊಳೆಯುತ್ತಿದ್ದ. ಇಬ್ಬರೂ ಒಬ್ಬರಿಂದೊಬ್ಬರು ಏನನ್ನೂ ಮುಚ್ಚಿಟ್ಟವರಲ್ಲ. ಇದನ್ನು ನಾನು ಹೇಳುತ್ತಿದ್ದೇನೆ, ನೀವು ನಂಬಬೇಕು. ಕಥೆಯಲ್ಲಾದರೂ ನಂಬಿ.

ಒಂದು ಬೆಳಗ್ಗೆ ಕಸ ಗುಡಿಸುತ್ತಿದ್ದ ಗಾಣದವಳಿಗೆ ಹೊಸಿಲಿನ ಹತ್ತಿರದ ಕಲ್ಲಿನ ಸಂದಿಯಲ್ಲಿ ಗರಿಕೆಯ ಒಂದು ಎಳೆ ಕಂಡಿತು. ದೇವರ ತಲೆಗೆ ಏರುವ ಅದೇ ಗರಿಕೆ. ಬದುವಿನ ಮೇಲಿದ್ದರೆ ಪೂಜೆಗೆ, ಹಾದಿಯಲ್ಲಿದ್ದರೆ ಪಂಚಾಯಿತಿಗೆ. ಅವಳು ಪೊರಕೆ ಹಿಡಿದು ಹಾಗೆಯೇ ನಿಂತಳು. ನಾನು ಏನನ್ನೂ ಮುಚ್ಚಿಟ್ಟಿಲ್ಲ ಎಂದುಕೊಂಡಳು. ಹಾಗಾದರೆ ಎಂದುಕೊಂಡಳು. ಅಲ್ಲಿಂದ ಮುಂದಕ್ಕೆ ಯೋಚನೆ ಹೋಗದಂತೆ ತಡೆದು ತಲೆಯೆತ್ತಿದರೆ ಬಾಗಿಲಲ್ಲಿ ಗಂಡ ನಿಂತಿದ್ದ.

"ನೋಡಿದ್ಯಾ?" ಎಂದ.

"ನೋಡ್ದೆ."

"ಯಾವಾಗ?"

"ಈಗ ತಾನೇ."

ಈಗ ತಾನೇ ಅಲ್ಲ, ಅವಳು ನಿಂತು ಬಹಳ ಹೊತ್ತಾಗಿತ್ತು, ಅದನ್ನು ಅವನು ಒಳಗಿನಿಂದ ಕಂಡಿದ್ದ. ಕಂಡ ಕೂಡಲೇ ಕರೆಯದೆ ಇವಳು ಯಾಕೆ ನಿಂತಳು ಎಂದು ಅವನಿಗನ್ನಿಸಿತು. ನಾನು ನಿಂತದ್ದನ್ನು ಇವರು ಕದ್ದು ಯಾಕೆ ನೋಡುತ್ತಿದ್ದರು ಎಂದು ಅವಳಿಗನ್ನಿಸಿತು. ಅವನು ಗಾಡಿ ಕಟ್ಟಲು ಹೋದ, ಅವಳು ಉಳಿದ ಕಸ ಗುಡಿಸಿದಳು.

ಹಾದಿಗಾರ ಬಂದ. ಕೋಲಿನ ತುದಿಯಿಂದ ಗರಿಕೆಯನ್ನು ಮುಟ್ಟಿದ. ಅಮಾವಾಸ್ಯೆ ಎಂದಷ್ಟೇ ಹೇಳಿ ಮುಂದಿನ ಮನೆಗೆ ಹೋದ.

ಅಂದಿನಿಂದ ಗಾಣದವಳು ಕುದಿಯುವ ಗಂಜಿಯನ್ನು ಹಾದಿಗೆ ತಂದು ಸುರಿದಳು. ಗರಿಕೆ ಬೆಂದು ಮಲಗಿತು. ನಾಲ್ಕು ದಿನ ಕಳೆದದ್ದೇ, ಗಂಜಿ ಕುಡಿದ ಬಾಣಂತಿಯ ಹಾಗೆ ಮೈ ತುಂಬಿಕೊಂಡು ಎದ್ದಿತು. ಅವಳು ಮತ್ತೆ ಸುರಿದಳು, ಅದು ಮತ್ತೆ ಎದ್ದಿತು. ಒಂದು ಎಳೆ ಇದ್ದದ್ದು ಕವಲೊಡೆದು ಪಕ್ಕದ ಸಂದಿಯ ಕಡೆ ಕೈ ಚಾಚಿತು. ಪ್ರತಿ ಸಲ ಸುರಿಯುವಾಗಲೂ ಅವಳು ಗಂಡನ ಮುಖ ನೋಡುತ್ತಿದ್ದಳು. ಪ್ರತಿ ಸಲವೂ ಅವನು ಅವಳ ಕೈ ನೋಡುತ್ತಿದ್ದ. ಗಂಜಿ ಬಿಸಿಯಾಗಿಯೇ ಇದೆಯೋ, ಬೇಕೆಂದೇ ಆರಿಸಿ ತಂದಿದ್ದಾಳೋ ಎಂದು.

ಪಕ್ಕದ ಮನೆಯಲ್ಲಿ ಗೋಡೆಯ ಅಜ್ಜಿ ಇದ್ದಳು. ಅವಳ ಹಾದಿಯ ನಡುವೆ ಎಷ್ಟೋ ವರ್ಷದ ಹಿಂದೆ ಗೋಡೆ ಎದ್ದಿತ್ತು. ಗೋಡೆಯಾಚೆ ಗಂಡ ಕೆಮ್ಮುತ್ತಿದ್ದ, ಈಚೆ ಅವಳು ಕಷಾಯ ಕುದಿಸಿ, ಕೊಡಲು ದಾರಿಯಿಲ್ಲದೆ ತಾನೇ ಕುಡಿಯುತ್ತಿದ್ದಳು. ಒಂದು ದಿನ ಆಚೆ ಕೆಮ್ಮು ನಿಂತಿತು. ಅದಾದ ಮೇಲೂ ಅವಳು ಸಂಜೆಯಾದರೆ ಕಷಾಯ ಕುದಿಸುವುದನ್ನು ಬಿಟ್ಟಿರಲಿಲ್ಲ. ಆ ಅಜ್ಜಿಯೇ ಗಾಣದವಳನ್ನು ಕರೆದು ಹುಳಿಯ ಹದ ಹೇಳಿಕೊಟ್ಟಳು. ಹುಳಿ ಮೂಗಿಗೆ ಬಡಿಯುವಂತಿರಬೇಕು, ನೊರೆ ಎಲೆಯ ಮೇಲೆ ನಿಲ್ಲುವಂತಿರಬೇಕು, ನೆತ್ತಿಯ ಬಿಸಿಲಿನಲ್ಲಿ ಎರಚಬೇಕು, ಎರಚುವಾಗ ಯಾರ ಮೇಲೂ ಅನುಮಾನ ಇರಬಾರದು ಎಂದಳು.

"ಅನುಮಾನ ಇದ್ರೆ ಏನಾಗತ್ತೆ ಅಜ್ಜಿ?" ಎಂದು ಗಾಣದವಳು ಕೇಳಿದಳು.

"ಏನೂ ಆಗಲ್ಲ ಕಣವ್ವ. ಹುಲ್ಲು ಒಣಗತ್ತೆ, ಅನುಮಾನ ಉಳಿಯತ್ತೆ."

ಗಾಣದವಳು ಹುಳಿ ಎರಚಿದಳು. ಗಾಣದವನು ನೊರೆ ಕಡೆದು ಕೊಟ್ಟ. ಮನೆಯೆಲ್ಲ ಹುಳಿ ನಾರಿತು, ಅನ್ನ ಹುಳಿ ನಾರಿತು, ಹಾಸಿಗೆ ಹುಳಿ ನಾರಿತು. ಗರಿಕೆಯ ಎಲೆಗಳು ಕಂದಿ ಉದುರಿದವು. ಬೇರು ಮಾತ್ರ ಕಲ್ಲಿನಡಿ ತಣ್ಣಗೆ ಕೂತು, ಹುಳಿಯ ಘಾಟು ಆರಿದ ಮೇಲೆ ಮತ್ತೆ ಮೇಲಕ್ಕೆ ಇಣುಕಿತು.

ಅಷ್ಟರಲ್ಲಿ ಮನೆಯೊಳಗೂ ಏನೇನೋ ಇಣುಕತೊಡಗಿತ್ತು. ಊಟದ ಹೊತ್ತಿಗೆ ಅವನು ಗಾಣದ ಸುದ್ದಿ ಹೇಳಿದರೆ ಇದನ್ನೇ ಯಾಕೆ ಹೇಳುತ್ತಿದ್ದಾರೆ, ಯಾವುದನ್ನು ಬಿಟ್ಟು ಹೇಳುತ್ತಿದ್ದಾರೆ ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಹೇಳದಿದ್ದರಂತೂ ಕೇಳುವುದೇ ಬೇಡ. ಅವಳು ಬಟ್ಟೆ ಒಗೆಯುವಾಗ ಹಾಡಿಕೊಂಡರೆ ಇಷ್ಟು ಖುಷಿ ಯಾತಕ್ಕೆ ಎಂದು ಅವನು ಗಾಣ ನಿಲ್ಲಿಸಿ ಕೇಳುತ್ತಿದ್ದ. ಹಾಡದಿದ್ದರೆ ಯಾವ ದುಃಖ ಎಂದು ಕೇಳುತ್ತಿದ್ದ. ಅವಳು ಅವನ ಹೆಗಲ ಮೇಲಿನ ವಸ್ತ್ರವನ್ನು ಮೂಸಿ ನೋಡಿದಳು, ಎಣ್ಣೆಯ ವಾಸನೆ ಬಂತು. ಬರೀ ಎಣ್ಣೆಯ ವಾಸನೆ ಬಂದದ್ದೇ ಅವಳಿಗೆ ಸರಿಕಾಣಲಿಲ್ಲ. ಅವನು ಅವಳ ಅಕ್ಕಿಯ ಡಬ್ಬದೊಳಗೆ ಕೈ ಹಾಕಿ ತಡಕಿದ, ಅಕ್ಕಿ ಸಿಕ್ಕಿತು. ಬೇರೆ ಎಲ್ಲಿ ಇಟ್ಟಿರಬಹುದು ಎಂದುಕೊಂಡ. ಏನನ್ನು ಎಂದು ಅವನಿಗೇ ಗೊತ್ತಿರಲಿಲ್ಲ.

ಹೀಗೇ ಬಿಟ್ಟರೆ ಕೆಟ್ಟೆವು ಎಂದು ಒಂದು ಮಧ್ಯಾಹ್ನ ಇಬ್ಬರೂ ಕೂತು ತಮ್ಮ ತಮ್ಮ ಮನಸ್ಸನ್ನು ಕೆದಕಿದರು. ಕೆದಕಿದರೆ ಕಸ ಸಿಗದ ಮನೆ ಯಾವುದಿದೆ? ಸಿಕ್ಕಿದ್ದನ್ನು ಹಿಡಿದು ಹಾದಿಯ ಬಾಯಿಗೆ ಹೋಗಿ ನಿಂತರು. ಹೊಸದಾಗಿ ಬಂದಾಗ ಅತ್ತೆಯ ಗಡಿಗೆಯ ಬೆಣ್ಣೆ ತಿಂದು ಬೆಕ್ಕಿನ ಮೇಲೆ ಹಾಕಿದ್ದೆ ಎಂದು ಗಾಣದವಳು ಹೇಳಿದಳು. ಇವಳು ಮಾಡುವ ಹಾಗಲಕಾಯಿ ಗೊಜ್ಜು ನನಗೆ ಸೇರುವುದಿಲ್ಲ, ಕಾಣದ ಹಾಗೆ ಎತ್ತಿನ ಬಾನಿಗೆ ಹಾಕುತ್ತಿದ್ದೆ ಎಂದು ಗಾಣದವನು ಹೇಳಿದ. ಸೇರಿದ್ದ ಜನ ನಕ್ಕರು. ಹಾದಿಗಾರ ನಗಲಿಲ್ಲ.

"ಬೆಣ್ಣೆಗೂ ಗೊಜ್ಜಿಗೂ ಉಪ್ಪು ಹಾಕಿಸಕ್ಕಾಗಲ್ಲಪ್ಪ," ಎಂದ. "ಹುಲ್ಲಿನ ತೂಕಕ್ಕೆ ತಕ್ಕ ಮಾತು ತಗೊಂಬಾ."

ಮನೆಯೊಳಗೆ ಹೇಳಿಕೊಂಡಿದ್ದರೆ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದ ಮಾತುಗಳು ಅವು. ಬೀದಿಯಲ್ಲಿ ಹೇಳಿ ಬಂದ ಮೇಲೆ ನಗು ಬರಲಿಲ್ಲ. ಒಂದು ಗೊಜ್ಜನ್ನು ಇಷ್ಟು ವರ್ಷ ಚಪ್ಪರಿಸಿ ತಿಂದಂತೆ ನಟಿಸಿದವರು ಇನ್ನೇನನ್ನು ನಟಿಸಿಲ್ಲ ಎಂದು ಅವಳು ಯೋಚಿಸಿದಳು. ಬಾಯಿಲ್ಲದ ಬೆಕ್ಕಿನ ಮೇಲೆ ಹಾಕಿದವಳು ಯಾರ ಮೇಲೆ ಏನು ಹಾಕಲಿಕ್ಕಿಲ್ಲ ಎಂದು ಅವನು ಯೋಚಿಸಿದ. ಗರಿಕೆ ಆ ವಾರ ಗಾಡಿಯ ಚಕ್ರದಷ್ಟು ಅಗಲವಾಯಿತು.

ಅಮಾವಾಸ್ಯೆ ನಾಳೆ ಎನ್ನುವಾಗ ಕಲ್ಲುಕುಟಿಗರು ಕಲ್ಲು ತಂದು ಹಾದಿಯ ಬದಿಯಲ್ಲಿ ಇಳಿಸಿದರು. ಒಬ್ಬ ದಾರ ಹಿಡಿದು ಹೊಸಿಲಿನ ನಡುವನ್ನು ಅಳೆದ. ಆ ದಾರ ಒಲೆಯ ಮೇಲೆ ಹಾದು, ಇಬ್ಬರೂ ಮಲಗುವ ಹಾಸಿಗೆಯ ಮೇಲೆ ಹಾದು, ಹಿತ್ತಿಲ ಬಾಗಿಲಿಗೆ ಹೋಗಿ ನಿಂತಿತು. ಒಲೆ ಯಾರ ಪಾಲಿಗೆ ಎಂದು ಗಾಣದವಳು ಮೆಲ್ಲಗೆ ಕೇಳಿದಳು. ಪಕ್ಕದ ಮನೆಯಿಂದ ಕಷಾಯದ ವಾಸನೆ ಬರುತ್ತಿತ್ತು. ಇವಳೇ ಮುಚ್ಚಿಟ್ಟಿರಲಿ, ಬಿಟ್ಟಿರಲಿ, ಇವಳಿಲ್ಲದ ಮನೆ ನನಗೆ ಬೇಡ ಎಂದು ಗಾಣದವನು ಎದ್ದ. ನೆಟ್ಟಗೆ ಹಾದಿಯ ಬಾಯಿಗೆ ಹೋಗಿ ನಿಂತು ಹಾದಿಗಾರನನ್ನು ಕರೆಸಿದ. ಹುಲ್ಲಿನ ತೂಕಕ್ಕೆ ತಕ್ಕ ಮಾತನ್ನು ಹೇಳಿದ.

ಹೊಳೆಯಾಚೆಯ ಊರಿನಲ್ಲಿ ಒಬ್ಬಳಿದ್ದಾಳೆ ಎಂದ. ಸಂತೆಗೆ ಹೋದಾಗಲೆಲ್ಲ ಅವಳ ಮನೆಯ ಮುಂದೆ ಗಾಡಿ ನಿಲ್ಲಿಸುತ್ತೇನೆ ಎಂದ. ಜನ ಒಂದು ಹೆಜ್ಜೆ ಹತ್ತಿರ ಬಂದರು. ಯಾವ ಮನೆ, ಎಂಥ ಮನೆ ಎಂದು ಹಾದಿಗಾರ ಕೇಳಿದ. ಗಾಣದವನು ತಡವರಿಸಿ, ಬಾಗಿಲ ಪಕ್ಕ ನುಗ್ಗೆಮರ ಇರುವ ಮನೆ ಎಂದ. ಹಾದಿಗಾರ ತಲೆಯಾಡಿಸಿದ.

ಹೊಳೆಯಾಚೆ ಅವನಿಗೆ ಯಾರೂ ಇರಲಿಲ್ಲ. ಹೊಳೆಯಾಚೆ ಅವನು ಗಾಡಿ ನಿಲ್ಲಿಸುತ್ತಿದ್ದದ್ದು ಎತ್ತಿಗೆ ನೀರು ಕುಡಿಸಲು ಮಾತ್ರ. ಊರು ನಂಬಿದರೆ ಸಾಕು, ಇವಳು ಹೇಗೂ ನಂಬುವುದಿಲ್ಲ, ಎತ್ತಿನ ಗಂಟೆಯಲ್ಲೇ ನನ್ನ ಮನಸ್ಸು ಓದುವವಳು ಎಂದು ಅವನು ಧೈರ್ಯ ಮಾಡಿದ್ದ. ಅಡುಗೆಮನೆಯಿಂದ ಉಪ್ಪಿನ ಮಡಕೆಯನ್ನು ಗಾಣದವಳೇ ತಂದು ಕೊಟ್ಟಳು. ಅವನು ಬಗ್ಗಿ ಕುಳಿತು ಸಂದಿ ಸಂದಿಗೂ ಉಪ್ಪು ತುಂಬಿದ, ಬೆರಳಿನಿಂದ ಒತ್ತಿ ಒತ್ತಿ ತುಂಬಿದ, ಮಡಕೆ ಖಾಲಿಯಾಗುವವರೆಗೆ ತುಂಬಿದ. ಮೇಲೆ ಒಂದಿಷ್ಟು ನೀರನ್ನೂ ಚಿಮುಕಿಸಿದ, ಕರಗಿ ಆಳಕ್ಕೆ ಇಳಿಯಲೆಂದು.

ಗರಿಕೆ ಸತ್ತಿತು. ಮೊದಲು ಹಳದಿಯಾಯಿತು, ಆಮೇಲೆ ಕಂದಾಯಿತು, ಆಮೇಲೆ ಗಾಳಿಗೆ ಹಾರಿಹೋಯಿತು. ಕಲ್ಲುಕುಟಿಗರು ಕಲ್ಲು ಹೊತ್ತು ಬೇರೆ ಮನೆಗೆ ಹೋದರು. ಹಾದಿಗಾರ ಬಂದು ಗಾಣದವನ ಬೆನ್ನು ತಟ್ಟಿ, ನಿಜ ಹೇಳಿದೆ ನೋಡು, ಮನೆ ಉಳಿಯಿತು ಎಂದ.

ಅವತ್ತು ಊಟಕ್ಕೆ ಕೂತಾಗ ಗಾಣದವನು ನಗುತ್ತಾ, ಹೇಗೆ ನಂಬಿಸಿದೆ ನೋಡು ಊರನ್ನು ಎಂದ. ಅವಳು ನಗಲಿಲ್ಲ. ಎಲ್ಲ ಸುಳ್ಳು ಕಣೇ, ಗೋಡೆ ತಪ್ಪಿಸಲು ಹೇಳಿದ್ದು ಎಂದ. ಅವಳು ಬಡಿಸುವುದನ್ನು ನಿಲ್ಲಿಸಿದಳು.

"ಸುಳ್ಳಾಗಿದ್ರೆ ಹುಲ್ಲು ಮತ್ತೆ ಬರಬೇಕಿತ್ತು. ಬಂತಾ?"

"ಬರಲ್ಲ ಕಣೇ. ಉಪ್ಪು ಹಾಕಿದೀನಲ್ಲ, ಎಲ್ಲಿಂದ ಬರತ್ತೆ?"

"ಊರಲ್ಲಿ ಎಲ್ಲರ ಮನೇಲೂ ಉಪ್ಪು ಹಾಕಿದಾರೆ. ಹಾಗಾದ್ರೆ ಎಲ್ಲರೂ ಸುಳ್ಳು ಹೇಳಿದಾರಾ?"

ಅವನು ಹೌದು ಎಂದರೆ ಊರೇ ಸುಳ್ಳಾಗುತ್ತದೆ, ಇಲ್ಲ ಎಂದರೆ ಅವನೇ ಸುಳ್ಳಾಗುತ್ತಾನೆ. ಅವಳು ತಟ್ಟೆಯ ಅಂಚಿಗೆ ಬಿದ್ದ ಅನ್ನದ ಅಗುಳನ್ನು ಆರಿಸುತ್ತಾ ಕೇಳಿದಳು: "ಇಲ್ಲದ ಮನೆಗೆ ನುಗ್ಗೆಮರ ಎಲ್ಲಿಂದ ಬಂತು?"

"ಅವನು ಕೇಳಿದ, ಬಾಯಿಗೆ ಬಂದದ್ದು ಹೇಳ್ದೆ."

"ಬಾಯಿಗೆ ಹುಣಸೆಮರ ಬರಲಿಲ್ಲ, ಬೇವಿನಮರ ಬರಲಿಲ್ಲ," ಎಂದಳು. ಅಲ್ಲಿಗೆ ಊಟ ಮುಗಿಯಿತು.

ಕಣ್ಣಾರೆ ನೋಡಿದರೆ ನಂಬುತ್ತಾಳೆ ಎಂದು ಅವನು ಗಾಡಿ ಕಟ್ಟಿ ಅವಳನ್ನು ಹೊಳೆಯಾಚೆಗೆ ಕರೆದುಕೊಂಡು ಹೋದ. ಅಂಥ ಮನೆಯೇ ಇಲ್ಲ ಎಂದು ತೋರಿಸುವುದು ಅವನ ಉಪಾಯ. ಪೆದ್ದ. ನುಗ್ಗೆಮರ ಇಲ್ಲದ ಊರು ಎಲ್ಲಾದರೂ ಇದೆಯೇ? ಹೊಳೆ ದಾಟಿ ದಿಬ್ಬ ಹತ್ತಿದ್ದೇ ತಡ, ಬಾಗಿಲ ಪಕ್ಕದಲ್ಲಿ ಕಾಯಿ ಜೋತುಬಿದ್ದ ನುಗ್ಗೆಮರ ಕಂಡಿತು. ಎತ್ತುಗಳು ಅಭ್ಯಾಸಬಲದಿಂದ ಅಲ್ಲೇ ನಿಂತವು, ನೀರಿನ ತೊಟ್ಟಿ ಇದ್ದದ್ದು ಆ ಮನೆಯ ಎದುರಿಗೆ. ಒಳಗಿನಿಂದ ಒಬ್ಬಳು ಬಂದು, ದೂರದಿಂದ ಬಂದವರಿಗೆ ಕೊಡುವಂತೆ ಇಬ್ಬರಿಗೂ ಚೊಂಬಿನಲ್ಲಿ ನೀರು ಕೊಟ್ಟಳು. ಗಾಣದವಳ ಮುಖ ನೋಡಿ ಚೆನ್ನಾಗಿದ್ದೀರಾ ಎಂದಳು. ಗಾಣದವನ ಮುಖ ನೋಡಲಿಲ್ಲ. ಪರಿಚಯವಿಲ್ಲದ ಹೆಂಗಸರೂ ನೋಡುವುದಿಲ್ಲ, ತೀರ ಪರಿಚಯವಿದ್ದವರೂ ನಾಲ್ಕು ಜನರೆದುರು ನೋಡುವುದಿಲ್ಲ. ಗಾಣದವಳು ನೀರು ಕುಡಿದು ಚೊಂಬು ಹಿಂದಕ್ಕೆ ಕೊಟ್ಟಳು. ವಾಪಸು ಬರುವಾಗ ದಾರಿಯುದ್ದಕ್ಕೂ ಎತ್ತಿನ ಗಂಟೆ ಒಂದೇ ಸಮನೆ ಆಡುತ್ತಿತ್ತು, ಅವಳು ಅದಕ್ಕೆ ಕಿವಿಗೊಟ್ಟು ಕೂತಿದ್ದಳು. ಅದರಲ್ಲಿ ಅವಳಿಗೆ ಏನೂ ಕೇಳಿಸಲಿಲ್ಲ.

ಗೋಡೆ ಏಳಲಿಲ್ಲ. ಒಲೆ ಒಂದೇ ಇತ್ತು, ಹಾಸಿಗೆ ಒಂದೇ ಇತ್ತು. ಗೋಡೆ ಎದ್ದಿದ್ದರೆ ಕೈ ಇಟ್ಟು ತಟ್ಟಬಹುದಿತ್ತು, ಆಚೆಯಿಂದ ಉತ್ತರ ಬರಬಹುದಿತ್ತು ಎಂದು ಗಾಣದವನಿಗೆ ಎಷ್ಟೋ ಸಲ ಅನ್ನಿಸಿತು. ಅವನ ಪರವಾಗಿ ಸಾಕ್ಷಿ ಹೇಳಬಲ್ಲದ್ದು ಲೋಕದಲ್ಲಿ ಇದ್ದದ್ದು ಒಂದೇ, ಆ ಸಂದಿಯ ಒಂದು ಎಳೆ ಹಸಿರು. ಅದನ್ನು ಅವನೇ ಬೆರಳಿನಿಂದ ಒತ್ತಿ ಒತ್ತಿ ಕೊಂದಿದ್ದ.

ಆಮೇಲೆ ಆ ಊರು ಹಿಂದೆಂದೂ ನೋಡದ್ದನ್ನು ನೋಡಿತು. ಊರೆಲ್ಲ ಬೆಳಗಾದರೆ ಕುದಿಗಂಜಿ ಹಿಡಿದು ಹಾದಿಗೆ ಇಳಿದರೆ, ಗಾಣದವನು ತಣ್ಣೀರು ಹಿಡಿದು ಇಳಿದ. ಕಡ್ಡಿಯಿಂದ ಸಂದಿಯ ಉಪ್ಪನ್ನು ಕೆದಕಿ ತೆಗೆದ. ನೀರು ಹೊಯ್ದು ತೊಳೆದ, ಮತ್ತೆ ಹೊಯ್ದ. ಗಾಣದ ಹಿಂಡಿಯನ್ನು ಪುಡಿಮಾಡಿ ತುಂಬಿದ. ಬದುವಿನಿಂದ ಹಸಿಮಣ್ಣು ತಂದು ಒತ್ತಿದ. ಹಾದಿಗಾರ ಬಂದು ಕೋಲೂರಿ ನಿಂತು, ಇದು ಯಾವ ಮದ್ದು ಎಂದು ಕೇಳಿದ. ಹುಲ್ಲು ಬರುವ ಮದ್ದು ಎಂದ ಗಾಣದವನು. ಹುಲ್ಲು ಬಂದರೆ ನೀನು ಊರೆದುರು ಸುಳ್ಳು ಹೇಳಿದಂತಾಗುತ್ತದೆ, ಆಮೇಲೆ ಗೋಡೆಯಲ್ಲ, ಗಡೀಪಾರು ಎಂದ ಹಾದಿಗಾರ. ಆಗಲಿ ಎಂದ ಗಾಣದವನು, ನೀರು ಹೊಯ್ಯುವುದನ್ನು ನಿಲ್ಲಿಸಲಿಲ್ಲ. ಇಷ್ಟು ಸೊಕ್ಕಿನಿಂದ ಆಗಲಿ ಎನ್ನುವವನು ಇನ್ನೂ ಏನನ್ನೋ ಮುಚ್ಚಿಟ್ಟಿದ್ದಾನೆ ಎಂದು ಜನ ಮಾತಾಡಿಕೊಂಡರು. ಗಾಣಕ್ಕೆ ಎಣ್ಣೆ ಬಿಡಿಸಲು ಬರುವವರು ಕಡಿಮೆಯಾದರು.

ಸಂದಿ ಬಾಯಿ ಬಿಡಲಿಲ್ಲ. ನೀರು ಇಂಗಿದ ಮೇಲೆ ಕಲ್ಲಿನ ಅಂಚಿನಲ್ಲಿ ಬಿಳಿ ಪೊರೆ ಏಳುತ್ತಿತ್ತು, ನೆಕ್ಕಿದರೆ ಉಪ್ಪು. ಅವನು ಮತ್ತೆ ನೀರು ತರುತ್ತಿದ್ದ. ಗಾಣದವಳು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಊರಿನ ಹೆಂಗಸರು ನೋಡುವಂತೆ ಓರೆಗಣ್ಣಿನಿಂದಲ್ಲ, ನೆಟ್ಟ ನೋಟದಿಂದ. ಒಂದು ದಿನವೂ ಬೇಡ ಎನ್ನಲಿಲ್ಲ, ಒಂದು ದಿನವೂ ಹತ್ತಿರ ಬರಲಿಲ್ಲ.

ಒಂದು ಬೆಳಗ್ಗೆ ಅವನು ಮಂಡಿಯೂರಿ ಕೂತು ಸಂದಿಯನ್ನು ಕೆದಕುತ್ತಿದ್ದಾಗ ಹಿಂದಿನಿಂದ ಸೀರೆಯ ಸದ್ದಾಯಿತು. ಗಾಣದವಳು ಸೊಂಟದ ಮೇಲೆ ಬಿಂದಿಗೆ ಹೊತ್ತು ಬಂದು ನಿಂತಿದ್ದಳು. ಅವನು ಜರುಗಿ ಜಾಗ ಕೊಟ್ಟ. ಅವಳು ಬಗ್ಗಿ, ಒಂದು ಹನಿಯೂ ಆಚೀಚೆ ಹೋಗದಂತೆ, ಸಂದಿಯ ಉದ್ದಕ್ಕೂ ಸಣ್ಣಗೆ ನೀರು ಹೊಯ್ದಳು. ಬೀದಿಯಲ್ಲಿ ಯಾರೋ ನಿಂತು ನೋಡುತ್ತಿದ್ದರು, ಅವರನ್ನು ಅವನು ಲೆಕ್ಕಿಸಲಿಲ್ಲ.

"ನನ್ನ ನಂಬಿದ್ಯಾ?" ಎಂದು ಕೇಳಿದ.

"ನಂಬಿದ್ದಿದ್ರೆ ನೀರು ಯಾಕೆ ತರ್ತಿದ್ದೆ?" ಎಂದಳು ಅವಳು.

ಬಿಂದಿಗೆ ಖಾಲಿಯಾಯಿತು. ಅವಳು ಮತ್ತೆ ತುಂಬಿಕೊಂಡು ಬರಲು ಒಳಗೆ ಹೋದಳು.